ಮಿರ್ಚಿ ಖಾರ ಆಯ್ತಾ? ಬಾಯಿ ತೆಗೀರಿ, ನೋಡೋಣ

ನಮಸ್ಕಾರ ದಾವಣಗೆರೆ, ನಮಸ್ಕಾರ ದುರ್ಗ. ಹೋದ ವಾರದ ಮಂಡಕ್ಕಿ ಮಿರ್ಚಿ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ. "ಅಣ್ಣ, ಈಗಿನ ಮಿರ್ಚಿ ಭಾರಿ ಖಾರ. ಒಂದು ವರ್ಷದಿಂದ ಬಾಯಿಗಿಡೋಕೇ ಆಗ್ತಿಲ್ಲ. ಮೆಣಸಿನಕಾಯಿ ತಳಿನೇ ಬದಲಾಗಿದೆ." ಇದಕ್ಕೆ ನಲವತ್ತು ಲೈಕು! ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ಅಲ್ಲಪ್ಪಾ, ದಾವಣಗೆರೆಯಲ್ಲಿ ಹುಟ್ಟಿದವನಿಗೆ ಮಿರ್ಚಿ ಖಾರವಾದರೆ ಮೆಣಸಿನಕಾಯಿ ಮೇಲೆ ಯಾಕೆ ಅನುಮಾನ? ಬಾಯಿ ಮೇಲೆ ಬರಬೇಕು. ಜೇಬಲ್ಲಿ ಏನಿದೆ ತೋರಿಸು. ಅಡಿಕೆಯ ಪಾನ್ ಮಸಾಲೆ ಪ್ಯಾಕೆಟ್. ಅದರ ಬೆನ್ನಿಗೆ ಪುಟ್ಟದೊಂದು ತಂಬಾಕಿನ ಪ್ಯಾಕೆಟ್. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ಬಂದ್ ಮಾಡಿದರು. ಆಮೇಲೇನಾಯಿತು? ಒಂದು ಪ್ಯಾಕೆಟ್ ಇದ್ದದ್ದು ಎರಡಾಯಿತು. ಬೆರೆಸುವ ಕೆಲಸ ನಮ್ಮ ಅಂಗೈಗೆ ಬಂತು.

ಅಡಿಕೆಯನ್ನು ದಿನವಿಡೀ ದವಡೆಯಲ್ಲಿ ಒತ್ತಿಟ್ಟುಕೊಂಡರೆ ಕೆನ್ನೆಯ ಒಳಗಿನ ಮೆತ್ತನೆ ಚರ್ಮ ನಾರು ನಾರಾಗಿ ಬಿಗಿಯುತ್ತದೆ. ಮೊದಲು ಖಾರ ತಾಗಿದರೆ ಉರಿ. ಆಮೇಲೆ ಬಾಯಿ ತೆರೆಯುವುದೇ ಕಷ್ಟ. ಡಾಕ್ಟರು ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಆದರೆ ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಮೊನ್ನೆ ಹೋಟೆಲಲ್ಲಿ ಎದುರಿಗೆ ಕೂತ ಹುಡುಗ ಬೆಣ್ಣೆದೋಸೆಯನ್ನು ಬೀಡಿ ತರ ಸುತ್ತಿ ಸುತ್ತಿ ಒಳಗೆ ತಳ್ಳುತ್ತಿದ್ದ. ಪಾಪ, ಎಷ್ಟು ನಾಜೂಕು ಅಂದುಕೊಂಡೆ. ನಾಜೂಕಲ್ಲ ಸ್ವಾಮಿ, ಬಾಯಿ ಅಷ್ಟೇ ತೆರೆಯುವುದು!

ಅದಕ್ಕೇ ಹೇಳುವುದು, ಬಾಯಿ ತೆಗೀರಿ. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ. ಮೇಲಿನ ಹಲ್ಲು, ಕೆಳಗಿನ ಹಲ್ಲಿನ ನಡುವೆ ಹೋಗುತ್ತವಾ? ಅದೇ ಬೆರಳಲ್ಲಿ ಸಬ್‌ಸ್ಕ್ರೈಬ್ ಕೂಡ ಒತ್ತಿ. ಮೊದಲು ಕೈ ತೊಳೆದುಕೊಳ್ಳಿ.

ಈಗ ಶುರುವಾಗುತ್ತದೆ. "ನಮ್ಮಜ್ಜಿ ತೊಂಬತ್ತು ವರ್ಷ ಬದುಕಿದ್ರು, ದಿನಾ ಎಲೆಅಡಿಕೆ ಹಾಕ್ತಿದ್ರು." ಬಂದರಪ್ಪಾ ಅಜ್ಜಿ! ಎಲ್ಲ ವಿಡಿಯೋಗೂ ಬರುತ್ತಾರೆ. ನಿಮ್ಮಜ್ಜಿ ಊಟ ಆದಮೇಲೆ ಹಾಕುತ್ತಿದ್ದರು. ನೀನು ಹಲ್ಲುಜ್ಜುವ ಮೊದಲೇ ಹಾಕುತ್ತೀಯ. ಮತ್ತೆ, ಬದುಕಿ ಉಳಿದ ಅಜ್ಜಿಯರ ಮೊಮ್ಮಕ್ಕಳು ಮಾತ್ರ ಕಾಮೆಂಟ್ ಹಾಕುತ್ತಾರೆ, ಅಲ್ವಾ?

ಇನ್ನೊಬ್ಬರು, "ಅಡಿಕೆ ಬೆಳೆಗಾರರ ಹೊಟ್ಟೆ ಮೇಲೆ ಹೊಡೀಬೇಡಿ." ನಮ್ಮ ಮಾವನದೂ ಚನ್ನಗಿರಿ ಕಡೆ ಎರಡು ಎಕರೆ ತೋಟ ಇದೆ. ತೋಟ ಕಡಿ ಅಂದೆನಾ? ಬಾಯಿ ತೆಗಿ ಅಂದೆ. ತಂಬಾಕು ಹಾಕದಿದ್ದರೂ ಅಡಿಕೆ ಜಗಿದರೆ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಮಾವನಿಗೆ ಹೇಳಿದೆ. ಹಬ್ಬಕ್ಕೆ ಕರೆದಿಲ್ಲ.

ಎಲ್ಲಕ್ಕಿಂತ ನನಗೆ ರೇಗುವುದು ಈ ಮಾತಿಗೆ: "ನೋವೇನಿಲ್ಲ ಬಿಡಿ, ಉಷ್ಣ." ಉಷ್ಣ! ಎಳನೀರು ಕುಡಿ, ತುಪ್ಪ ಸವರು. ಸರಿ, ಎಷ್ಟು ದಿನ? ಎರಡು ವಾರವಾದರೂ ಮಾಯದ ಹುಣ್ಣು ಉಷ್ಣ ಅಲ್ಲ ಕಣ್ರಿ, ತೋರಿಸಬೇಕು. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಅದೇ ಅದರ ಕಿತಾಪತಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಕೆನ್ನೆಯಲ್ಲಿ ಗಂಟು ಇದೆಯಾ ನೋಡಿ. ನಾಲಿಗೆಯ ಪಕ್ಕ, ನಾಲಿಗೆಯ ಅಡಿಯೂ ನೋಡಿ. ಎಲ್ಲ ಕಣ್ಣಿಗೆ ಕಾಣುವ ಜಾಗ! ಹೊಟ್ಟೆ ಒಳಗೆ ನೋಡಲು ಪೈಪ್ ಇಳಿಸಬೇಕು. ಇದಕ್ಕೆ ಮೊಬೈಲ್ ಟಾರ್ಚ್ ಸಾಕು. ಆದರೂ 2022ರಲ್ಲಿ ಪ್ರಪಂಚದಲ್ಲಿ ಸುಮಾರು 3.9 ಲಕ್ಷ ಹೊಸ ಬಾಯಿ ಕ್ಯಾನ್ಸರ್, ಅದರಲ್ಲಿ 1.4 ಲಕ್ಷಕ್ಕೂ ಜಾಸ್ತಿ ನಮ್ಮ ದೇಶದ್ದೇ.

"ಡಾಕ್ಟರ ಹತ್ರ ಹೋದ್ರೆ ತುಂಡು ತೆಗೀತಾರೆ, ತೆಗೆದ್ರೆ ಹರಡುತ್ತೆ." ಯಾರು ಹೇಳಿದ್ದು? ಪಾನ್ ಅಂಗಡಿಯವನಾ? ಅವನು ಗಿರಾಕಿ ಉಳಿಸಿಕೊಳ್ಳುತ್ತಿದ್ದಾನೆ. ಹಾಗೆ ತುಂಡು ತೆಗೆದು ಪರೀಕ್ಷೆ ಮಾಡುವ ಬಯಾಪ್ಸಿಯಿಂದ ಹರಡುವುದಿಲ್ಲ. ತಡ ಮಾಡಿದರೆ ಹರಡುತ್ತದೆ. ಮೂವತ್ತು ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಾಯಿ ಪರೀಕ್ಷೆ ಪುಕ್ಕಟೆ. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜಿವೆ. ತಂಬಾಕು ಬಿಡಬೇಕು ಅನ್ನಿಸಿದರೆ 1800-112-356ಗೆ ಫೋನ್ ಮಾಡಿ, ದುಡ್ಡಿಲ್ಲ.

ಇನ್ನೂ ಕಾರಣ ಬೇಕಾ? ನನ್ನ ಹತ್ತಿರ ಇಲ್ಲ. ಸುಮ್ನೆ ಬಾಯಿ ತೆಗೀರಿ. ಹೆಂಡತಿ ಬೈದಾಗ ತೆಗೆಯುತ್ತೀರಲ್ಲ, ಹಾಗೆ. ರಾಜಕೀಯ ಮಾತಾಡುವಾಗ ತೆಗೆಯುತ್ತೀರಲ್ಲ, ಹಾಗೆ. ತೆಗೀರಿ ಅಂದರೆ ತೆಗೀರಿ!

ಎಷ್ಟು ಬೆರಳು ಹೋಯಿತು ಅಂತ ಕಾಮೆಂಟಲ್ಲಿ ಬರೆಯಿರಿ. ಅಜ್ಜಿ ಬಗ್ಗೆ ಬರೆದರೆ ಡಿಲೀಟ್. ಬರುವ ಭಾನುವಾರ ದುರ್ಗದ ಕೋಟೆ ವಿಡಿಯೋ ಇದೆ. ಲೇ ಮಂಜ, ಕ್ಯಾಮೆರಾ ನಿಲ್ಲಿಸು, ಮಿರ್ಚಿ ಆರುತ್ತಿದೆ. ಏಯ್, ಬಾಯಲ್ಲೇನೋ ಅದು? ಉಗಿ. ಇಲ್ಲಲ್ಲ, ಹೊರಗೆ ಹೋಗಿ ಉಗಿ!