ಅಟ್ಟದ ಮೇಲಿನ ಲಾಗ್‌ಬುಕ್

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ. ಅದೇ ವರ್ಷ ಆಗಸ್ಟ್ ಕೊನೆಗೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿಟ್ಟದ್ದು ಸರಿಯೇ. ಆದರೆ ಸೋಗಾನೆಯಲ್ಲಿ ರನ್‌ವೇ ಆಗುವುದಕ್ಕೆ ಎಷ್ಟೋ ಮೊದಲೇ ಮಲೆನಾಡಿನವರು ಆಕಾಶಕ್ಕೆ ಏರಿದ್ದರಲ್ಲ, ಅವರನ್ನು ನಾವು ಎಲ್ಲಿ ಇಟ್ಟುಕೊಂಡಿದ್ದೇವೆ?

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಎಲ್ಲರಿಗೂ ಗೊತ್ತು. 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ, ಬಸ್ಸಿಗೆ ಓಡಾಡುತ್ತಿದ್ದವರನ್ನೂ ವಿಮಾನ ಹತ್ತಿಸಿದವರು. ತಮ್ಮ ಕಥೆಯನ್ನು ತಾವೇ ಬರೆದೂ ಇಟ್ಟಿದ್ದಾರೆ. ಬರೆದಿಡಲು ಪುರುಸೊತ್ತೇ ಸಿಗದೆ ಹೋದ ಒಬ್ಬರ ಬಗ್ಗೆ ಇವತ್ತು ಹೇಳುತ್ತೇನೆ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಕೊಡಗಿನವರು, 1932ರಲ್ಲಿ ಹುಟ್ಟಿದವರು, 1954ರಲ್ಲಿ ವಾಯುಪಡೆ ಸೇರಿದವರು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರಗೋಧಾ ವಾಯುನೆಲೆಯತ್ತ ಹೊರಟವು. ದೇವಯ್ಯ ಆ ದಾಳಿಗೆ ಕಾದಿರಿಸಿದ ಪೈಲಟ್. ಯಾರಾದರೂ ಹಿಂದುಳಿದರೆ ಮಾತ್ರ ಅವರ ಸರದಿ. ಕೊನೆಗೆ ಅವರೂ ಹಾರಿದರು.

ಅಷ್ಟು ದೂರ ಹೋಗಿ ಬರುವುದಕ್ಕೇ ಇಂಧನ ಸರಿಹೋಗುತ್ತಿತ್ತು, ದಾರಿಯಲ್ಲಿ ಕಾದಾಡುತ್ತ ನಿಲ್ಲುವಂತಿರಲಿಲ್ಲ. ಬೆನ್ನಟ್ಟಿ ಬಂದದ್ದು ಪಾಕಿಸ್ತಾನದ ವಾಯುಪಡೆಯ ಸ್ಟಾರ್‌ಫೈಟರ್. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ, ಅಮೆರಿಕದಲ್ಲಿ ತಯಾರಾದ ವಿಮಾನ ಅದು. ನಮ್ಮ ಮಿಸ್ಟೇರ್‌ಗೆ ನೇರ ಹಾರಾಟದಲ್ಲಿ ಶಬ್ದದ ವೇಗವೂ ದಕ್ಕುತ್ತಿರಲಿಲ್ಲ. ಗುಂಡು ತಗಲಿದ ಮೇಲೂ ದೇವಯ್ಯ ತಪ್ಪಿಸಿಕೊಂಡು ಓಡಲಿಲ್ಲ. ತಿರುಗಿ ಬಿದ್ದರು, ಸ್ಟಾರ್‌ಫೈಟರನ್ನು ಹೊಡೆದು ಕೆಡವಿದರು. ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡ. ದೇವಯ್ಯ ಬರಲಿಲ್ಲ.

ಇದನ್ನು ನಾನು ಕಣ್ಣಾರೆ ಕಂಡವರ ಹಾಗೆ ಹೇಳಿಬಿಟ್ಟೆ. ಆದರೆ ಆವತ್ತು ನಮ್ಮ ಕಡೆಯ ಯಾರ ಕಣ್ಣಿಗೂ ಇದು ಬಿದ್ದಿರಲಿಲ್ಲ. ನಮ್ಮ ಕಡತದಲ್ಲಿ ಉಳಿದದ್ದು ಇಷ್ಟೇ: ದೇವಯ್ಯ ಕಾಣೆಯಾಗಿದ್ದಾರೆ. ಆ ಮಾತನ್ನು ಹಿಡಿದುಕೊಂಡು ಒಂದು ಮನೆ ವರ್ಷಗಟ್ಟಲೆ ಕಾದಿತು.

ನಿಜ ಹೊರಬಂದದ್ದು ಆಚೆ ಕಡೆಯಿಂದ. ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಆ ಯುದ್ಧದ ಕಥೆ ಬರೆದ. 1979ರಲ್ಲಿ ಬಂದ ಆ ಪುಸ್ತಕದಲ್ಲಿ, ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೇರ್‌ನ ಹೊಡೆತಕ್ಕೆ ಎಂಬ ಸಂಗತಿ ಇತ್ತು. ಹಾಗಾದರೆ ಆ ಮಿಸ್ಟೇರ್ ಯಾರದು? ಹಿಂದಿರುಗದೆ ಉಳಿದವರನ್ನು ಲೆಕ್ಕ ಹಾಕಿದರೆ ಹೆಸರು ಒಂದೇ. 1965ರಲ್ಲಿ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದ ಓಂ ಪ್ರಕಾಶ್ ತನೇಜಾ ತಮ್ಮ ಹುಡುಗನ ಪರವಾಗಿ ನಿಂತರು. 1988ರಲ್ಲಿ, ಅಂದರೆ 23 ವರ್ಷದ ಮೇಲೆ, ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಈಗ ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಈ ಕಥೆಯ ಎಳೆ ಹಿಡಿದು ಹಿಂದಿಯಲ್ಲೊಂದು ಸಿನಿಮಾ ಬಂತು, ಅದರಲ್ಲಿ ಹೆಸರೇ ಬೇರೆ. ಸಿನಿಮಾದವರನ್ನು ಬಯ್ಯುತ್ತ ಕೂರಲು ನನಗೆ ಮನಸ್ಸಿಲ್ಲ. ಪ್ರತಿಮೆ ಬೇಡವೆಂದೂ ಅಲ್ಲ. ಆದರೆ ಪ್ರತಿಮೆಗೆ ದಾರಿ ಮಾಡಿದ್ದು ಎದುರಾಳಿಯ ಬಳಿ ಉಳಿದಿದ್ದ ದಾಖಲೆ. ಅದೂ ಇಲ್ಲದೆ ಹೋಗಿದ್ದರೆ ಅವರು ಇವತ್ತಿಗೂ ಕಾಣೆಯಾದವರೇ.

ನಮ್ಮ ಬಳಿ ಏನೇನು ಉಳಿದಿದೆ ನೋಡೋಣ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಶುರುಮಾಡಿದರು, ಮೈಸೂರು ಸರ್ಕಾರವೂ ಬಂಡವಾಳ ಹಾಕಿತು. ಮುಂದೆ ಎಚ್‌ಎಎಲ್ ಆದದ್ದು ಅದೇ. 1951ರಲ್ಲಿ ಅಲ್ಲೇ ಕಟ್ಟಿದ ಎಚ್‌ಟಿ-2 ತರಬೇತಿ ವಿಮಾನ ಹಾರಿತು. ಅಲ್ಲಿ ರಿವೆಟ್ ಹೊಡೆದವರು, ಎಂಜಿನ್ ಬಿಚ್ಚಿ ಜೋಡಿಸಿದವರು, ವಾಯುಪಡೆಯಲ್ಲಿ ಏರ್‌ಮನ್ ಆಗಿದ್ದವರು ನಮ್ಮ ಕಡೆಯ ಮನೆಗಳಲ್ಲೂ ಇದ್ದಾರೆ. ಪೈಲಟ್ ಒಬ್ಬನನ್ನೇ ನೆನೆಯುವುದು ನಮ್ಮ ಹಳೇ ಚಾಳಿ. ಇಂಥವರ ಕಾಗದಪತ್ರ ಎಲ್ಲಿದೆ? ಅಟ್ಟದ ಮೇಲೆ, ಕಬ್ಬಿಣದ ಟ್ರಂಕಿನಲ್ಲಿ.

ನಮ್ಮ ಮಳೆಗಾಲ ಕಾಗದಕ್ಕೆ ಎಂಥ ಶತ್ರು ಎಂದು ಆಗುಂಬೆ, ಹೊಸನಗರದವರಿಗೆ ನಾನು ಹೇಳಬೇಕೆ? ಒಂದು ಆಷಾಢದಲ್ಲಿ ಬೂಷ್ಟು, ಮುಂದಿನ ವರ್ಷ ಗೆದ್ದಲು. ಪೈಲಟ್‌ನ ಲಾಗ್‌ಬುಕ್ಕಿನಲ್ಲಿ ಒಂದೊಂದು ಹಾರಾಟದ ತಾರೀಖು, ವಿಮಾನದ ಜಾತಿ, ಅದರ ನಂಬರು, ಎಷ್ಟು ಹೊತ್ತು ಹಾರಿದ್ದು, ಎಲ್ಲ ಸಾಲಾಗಿ ಇರುತ್ತದೆ. ಅಂಥದ್ದು ಸಿಕ್ಕರೆ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ತೇವ ಒಳಗೇ ಉಳಿಯುತ್ತದೆ, ಆಮೇಲೆ ಕಾಗದವನ್ನು ಬಿಡಿಸಲಿಕ್ಕೂ ಆಗುವುದಿಲ್ಲ. ಅಡಿಕೆಯ ಜೊತೆ ಅಂಗಳದ ಬಿಸಿಲಿಗೂ ಹಾಕಬೇಡಿ, ಶಾಯಿ ಹಾರಿಹೋಗುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ ಹರವಿ. ಒಂದೊಂದು ಪುಟದ ಫೋಟೋ ತೆಗೆದು, ಎರಡು ಮೂರು ಕಡೆ ಇಟ್ಟುಕೊಳ್ಳಿ. ಗುಂಪು ಫೋಟೋ ಇದ್ದರೆ ಅದರ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಯಾರು ಯಾರು ಎಂದು ಬರೆಯಿರಿ. ಬಾಲ್‌ಪೆನ್ನು ಬೇಡ.

ಆ ಹಿರಿಯರು ಇನ್ನೂ ಇದ್ದರೆ ಮೊದಲು ಅವರ ಹತ್ತಿರ ಕೂತು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. "ನಿಮ್ಮ ಸಾಧನೆ ಹೇಳಿ" ಎಂದರೆ ನಮ್ಮ ಕಡೆಯ ಹಿರಿಯರು "ಎಂಥ ಸಾಧನೆ ಮಾರಾಯ" ಎಂದು ಎದ್ದೇ ಹೋಗುತ್ತಾರೆ. ಹಾಗೆ ಕೇಳಬೇಡಿ. ಯಾವ ಸ್ಟೇಷನ್ನಿನಲ್ಲಿ ಇದ್ರಿ, ಯಾವ ವಿಮಾನದ ಕೆಲಸ, ಪಕ್ಕದ ಮಂಚದಲ್ಲಿ ಯಾರು ಮಲಗುತ್ತಿದ್ದರು, ರಜಕ್ಕೆ ಊರಿಗೆ ಬರುವಾಗ ಯಾವ ರೈಲು ಹತ್ತುತ್ತಿದ್ರಿ ಎಂದು ಕೇಳಿ.

ನಮಸ್ಕಾರ.