143 ವರ್ಷದಿಂದ ಬಿಚ್ಚದ ಸಾರವೆ

ನಮಸ್ಕಾರ. ಅಲ್ಲೇ ನಿಂತು ಮಾತಾಡಿದ್ದೆಲ್ಲಾ ಗದ್ದಲದಲ್ಲಿ ಮುಳುಗಿಹೋಗಿದೆ. ಕ್ರೇನ್ ಸದ್ದು, ಬಸ್ಸಿನ ಸದ್ದು, ಸಾಲದ್ದಕ್ಕೆ ನನ್ನ ಹಿಂದೆಯೇ ಶಾಲಾ ಮಕ್ಕಳ ಒಂದು ದಂಡು. ಅದಕ್ಕೇ ಮನೆಗೆ ಬಂದು ವೀಡಿಯೋ ಮೇಲೆ ದನಿ ಕೂರಿಸುತ್ತಿದ್ದೇನೆ. ನಡುವೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ.

ಈಗ ಕಾಣುತ್ತಿರುವುದು ಬಾರ್ಸಿಲೋನಾದ ಮೆಟ್ರೋ ಮೆಟ್ಟಿಲು. 2025ರ ನವೆಂಬರ್, ಒಂದು ಶುಕ್ರವಾರ ಬೆಳಿಗ್ಗೆ. ಹತ್ತಿ ಮೇಲೆ ಬಂದರೆ ಎದುರಿಗೆ ಬರೀ ರಸ್ತೆ, ಮರ, ಜನ. ಆದರೆ ಆ ಜನರೆಲ್ಲ ನನ್ನ ತಲೆಯ ಹಿಂದಕ್ಕೆ ಫೋನ್ ಎತ್ತಿ ಹಿಡಿದಿದ್ದಾರೆ. ತಿರುಗಿದೆ. ಕ್ಯಾಮೆರಾ ಹೀಗೆ ಅಲುಗಾಡಿದ್ದು ಆಗಲೇ.

ಸಗ್ರಾದಾ ಫಮೀಲಿಯಾ. ಪವಿತ್ರ ಕುಟುಂಬ ಎಂದರ್ಥ. ಯೇಸು, ಮೇರಿ, ಜೋಸೆಫ್ ಮೂವರ ಹೆಸರಿನ ಚರ್ಚ್.

ನಾನು ಇಲ್ಲಿಗೆ ಬರಲು ಒಂದು ಸಣ್ಣ ಹೊಟ್ಟೆಕಿಚ್ಚೂ ಕಾರಣ. ನಾನಿರುವುದು ಜರ್ಮನಿಯ ಉಲ್ಮ್‌ನಲ್ಲಿ. ಅಲ್ಲಿನ ಚರ್ಚಿನ ಗೋಪುರ 161.53 ಮೀಟರ್. 1890ರಿಂದ ಇಡೀ ಲೋಕದಲ್ಲಿ ಎಲ್ಲಕ್ಕಿಂತ ಎತ್ತರದ ಚರ್ಚ್ ಅದೇ ಆಗಿತ್ತು. ಅಕ್ಟೋಬರ್ 30ರಂದು ಬಾರ್ಸಿಲೋನಾದವರು ತಮ್ಮ ನಡುಗೋಪುರದ ಮೇಲೆ ಶಿಲುಬೆಯ ಮೊದಲ ತುಂಡನ್ನು ಕೂರಿಸಿದರು. 162.91 ಮೀಟರ್ ಆಯಿತು. ಒಂದು ಮೀಟರ್ ಚಿಲ್ಲರೆಯಲ್ಲಿ ನಮ್ಮ ದಾಖಲೆ ಹೋಯಿತು. ಸೋತ ಊರಿನವಳು ಗೆದ್ದವರ ಮನೆ ನೋಡಲು ಬಂದ ಹಾಗಾಯಿತು ನನ್ನ ಕಥೆ.

ನಾನು ಹೋದಾಗ ಶಿಲುಬೆಯ ತೋಳುಗಳು ಇನ್ನೂ ಏರಿರಲಿಲ್ಲ. ಎಲ್ಲಾ ಸೇರಿದ ಮೇಲೆ ಎತ್ತರ 172.5 ಮೀಟರ್. ಇದೇ ಊರಲ್ಲಿ ಮೊಂಜುಯಿಕ್ ಎಂಬ ಗುಡ್ಡವಿದೆ. ಮನುಷ್ಯ ಕಟ್ಟಿದ್ದು ದೇವರು ಕಟ್ಟಿದ ಗುಡ್ಡಕ್ಕಿಂತ ಎತ್ತರ ಆಗಬಾರದು ಎಂದು ಲೆಕ್ಕ ಹಾಕಿಯೇ ಅಲ್ಲಿಗೆ ನಿಲ್ಲಿಸಿದ್ದಂತೆ.

ಹತ್ತು ಗಂಟೆಗೆ ಅಪ್ಪನಿಗೆ ವೀಡಿಯೋ ಕಾಲ್ ಮಾಡಿದೆ. ಊರಲ್ಲಿ ಆಗ ಮಧ್ಯಾಹ್ನ ಎರಡೂವರೆ, ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದರು. ನನ್ನ ಹಳೆಯ ವೀಡಿಯೋ ನೋಡಿದವರಿಗೆ ಗೊತ್ತು, ಅಪ್ಪ ಗಾರೆ ಮೇಸ್ತ್ರಿ. ಅರಸೀಕೆರೆ ಸುತ್ತಮುತ್ತ ಮನೆ ಕಟ್ಟಿಸುತ್ತಾರೆ. ತಾಜ್ ಮಹಲ್ ಮುಂದೆ ನಿಲ್ಲಿಸಿದರೂ ಅವರ ಮೊದಲ ಪ್ರಶ್ನೆ ಒಂದೇ.

"ಎಷ್ಟು ದಿನ ಹಿಡೀತು?"

"1882ರಲ್ಲಿ ಪಾಯ ಹಾಕಿದ್ದು ಅಪ್ಪ. 143 ವರ್ಷ. ಇನ್ನೂ ನಡೀತಿದೆ."

"ಹಂಗಾದ್ರೆ ಮೇಸ್ತ್ರಿನ ಬದಲಾಯಿಸ್ಬೇಕಿತ್ತು."

ಬದಲಾಯಿಸಿದ್ದಾರೆ. ಮೊದಲನೆಯ ಆರ್ಕಿಟೆಕ್ಟ್ ಜಗಳ ಮಾಡಿಕೊಂಡು ಒಂದೇ ವರ್ಷಕ್ಕೆ ಬಿಟ್ಟುಹೋದರು. 1883ರಲ್ಲಿ ಕೆಲಸ ಸಿಕ್ಕಿದ್ದು 31 ವರ್ಷದ ಆಂಟೋನಿ ಗೌಡಿಗೆ. ಅಪ್ಪನಿಗೆ ಅದು "ಗೌಡ್ರು" ಎಂದು ಕೇಳಿಸಿತು. "ಯಾವೂರ ಗೌಡ್ರು?" ಎಂದರು. ನಾನು ತಿದ್ದಲು ಹೋಗಲಿಲ್ಲ. ಆಮೇಲೆ ಕಾಲ್ ಪೂರ್ತಿ ಗೌಡ್ರು ಹಿಂಗೆ, ಗೌಡ್ರು ಹಂಗೆ ಅಂತಲೇ ನಡೆಯಿತು. ಈಗ ಕೆಲಸ ನೋಡಿಕೊಳ್ಳುತ್ತಿರುವ ಜೋರ್ದಿ ಫೌಲಿ, ಗೌಡಿ ಆದಮೇಲೆ ಏಳನೆಯವರು.

ಲೈಸೆನ್ಸ್ ವಿಷಯ ಹೇಳಿದಾಗ ಅಪ್ಪ ಕೆಮ್ಮು ಬರುವಷ್ಟು ನಕ್ಕರು. 1885ರಲ್ಲಿ ಗೌಡಿ ಅರ್ಜಿ ಹಾಕಿದ್ದು ಸಾಂತ್ ಮಾರ್ತಿ ಎಂಬ ಹಳ್ಳಿಯ ಆಡಳಿತಕ್ಕೆ. ಆಮೇಲೆ ಆ ಹಳ್ಳಿಯೇ ಬಾರ್ಸಿಲೋನಾದೊಳಗೆ ಸೇರಿಹೋಯಿತು. ಸರಿಯಾದ ಪರವಾನಗಿ ಇಲ್ಲದೆ ಕೆಲಸ ನಡೆಯುತ್ತಲೇ ಇತ್ತು. ಕೊನೆಗೆ 2019ರಲ್ಲಿ 46 ಲಕ್ಷ ಯೂರೋ ಶುಲ್ಕ ಕಟ್ಟಿ ಲೈಸೆನ್ಸ್ ತಗೊಂಡರು. ಪಾಯ ಹಾಕಿದ 137 ವರ್ಷಕ್ಕೆ! ಒಂದು ಖಾತೆ ಮಾಡಿಸಲು ಎಂಟು ಸಲ ಅಲೆದವರಿಗೆ ಈ ಸುದ್ದಿ ಎಷ್ಟು ಹಿತ ಅಂತ ಅಪ್ಪನ ಮುಖ ನೋಡಿದರೆ ಗೊತ್ತಾಗುತ್ತೆ. ಆ ಕ್ಲಿಪ್ ಹಾಕಬೇಡ ಅಂದಿದ್ದಾರೆ, ಹಾಗಾಗಿ ಹಾಕಿಲ್ಲ.

ಈಗ ಕಾಣುತ್ತಿರುವುದು ಪೂರ್ವದ ಮುಖ. ಯೇಸು ಹುಟ್ಟಿದ ಕಥೆ. ಗೌಡಿ ಬದುಕಿದ್ದಾಗಲೇ ಬಹುಪಾಲು ಎದ್ದದ್ದು ಇದು. ಕಲ್ಲು ಅನ್ನಿಸುವುದೇ ಇಲ್ಲ, ಮಳೆಯಲ್ಲಿ ನೆನೆದ ಹುತ್ತದ ಹಾಗೆ ಎಲ್ಲಾ ಕಡೆಯಿಂದ ಏನೋ ಇಳಿಯುತ್ತಿರುತ್ತದೆ. ಎಲೆ, ಹಕ್ಕಿ, ಹಲ್ಲಿ. ಎರಡು ಕಂಬದ ಬುಡದಲ್ಲಿ ಎರಡು ಆಮೆಗಳಿವೆ. ಸಮುದ್ರದ ಕಡೆ ಕಡಲಾಮೆ, ಬೆಟ್ಟದ ಕಡೆ ನೆಲದ ಆಮೆ. ಮೂರ್ತಿಗಳ ಮುಖಕ್ಕೆ ಗೌಡಿ ಹೊರಗಿನಿಂದ ಯಾರನ್ನೂ ಕರೆಸಲಿಲ್ಲ. ಕೂಲಿಯವರು, ಸುತ್ತಲಿನ ಬೀದಿಯ ಜನ, ಅವರನ್ನೇ ನಿಲ್ಲಿಸಿ ಅಚ್ಚು ತೆಗೆದರು. ಈಗ ಮೇಲೆ ನಿಂತಿರುವುದು ಅವರೇ.

ಇಲ್ಲೊಂದು ಮಾತು. ಸಾಮಾನ್ಯವಾಗಿ ಕಟ್ಟಡವನ್ನು ಸುತ್ತಲೂ ಸಮನಾಗಿ ಎಬ್ಬಿಸಿಕೊಂಡು ಹೋಗುತ್ತಾರೆ, ಅಲ್ವಾ? ಗೌಡಿ ಹಾಗೆ ಮಾಡಲಿಲ್ಲ. ಉಳಿದದ್ದು ಬಹುಪಾಲು ಬಯಲಾಗಿದ್ದರೂ ಈ ಒಂದು ಮುಖವನ್ನು ಬುಡದಿಂದ ತುದಿಯವರೆಗೆ ಎತ್ತಲು ಹೊರಟರು. ತನ್ನ ಕಾಲದಲ್ಲಿ ಮುಗಿಯುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಳೆತ್ತರದ ಗೋಡೆ ಬಿಟ್ಟುಹೋದರೆ ಮುಂದಿನವರು ಸುಲಭವಾಗಿ ಕೈಬಿಡಬಹುದು. ಆಕಾಶಕ್ಕೆ ಎದ್ದ ಒಂದು ಮುಖ ಬಿಟ್ಟುಹೋದರೆ ಬಿಡಲು ಮನಸ್ಸು ಬರುವುದಿಲ್ಲ.

ಇದನ್ನು ಹೇಳಿದಾಗ ಅಪ್ಪ ಅಂದರು, "ಗೌಡ್ರು ಕಂಬಿ ಬಿಟ್ಟವ್ರೆ ಬಿಡು."

ನಮ್ಮ ಮನೆ ಮಾಳಿಗೆ ಮೇಲೆ ಪಿಲ್ಲರ್ ಕಂಬಿಗಳು ನಿಂತು 22 ವರ್ಷ ಆಯಿತು. ಮುಂದೆ ಯಾರಾದರೂ ಮಹಡಿ ಎಬ್ಬಿಸಲಿ ಅಂತ ಅಪ್ಪ ಬಿಟ್ಟದ್ದು. ತುಕ್ಕು ಹಿಡಿಯದಿರಲಿ ಅಂತ ಸಿಮೆಂಟ್ ಹಾಲು ಬಳಿಯುತ್ತಾರೆ. ಅಮ್ಮ ಅದಕ್ಕೇ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಾರೆ.

ಗೌಡಿ ಕಣ್ಣೆದುರು ಪೂರ್ತಿ ಮುಗಿದದ್ದು ಒಂದೇ ಗೋಪುರ, 1925ರ ನವೆಂಬರ್‌ನಲ್ಲಿ. ಯೋಜನೆಯಲ್ಲಿರುವುದು 18. ಮರುವರ್ಷ ಜೂನ್ 7ರಂದು ಸಂಜೆ ಪ್ರಾರ್ಥನೆಗೆ ನಡೆದು ಹೋಗುತ್ತಿದ್ದಾಗ ಟ್ರಾಮ್ ಹೊಡೆಯಿತು. ಹರಕಲು ಬಟ್ಟೆ, ಜೇಬಿನಲ್ಲಿ ಗುರುತಿನ ಕಾಗದವಿಲ್ಲ. ಭಿಕ್ಷುಕ ಅಂದುಕೊಂಡು ಬಡವರ ಆಸ್ಪತ್ರೆಗೆ ಸಾಗಿಸಿದರು. ಮೂರು ದಿನಕ್ಕೆ ತೀರಿಕೊಂಡರು. ಸಮಾಧಿ ಇದೇ ಚರ್ಚಿನ ನೆಲಮಾಳಿಗೆಯಲ್ಲಿದೆ. ಭಿಕ್ಷುಕ ಅಂದುಕೊಂಡದ್ದರಲ್ಲಿ ಅರ್ಧ ನಿಜವೂ ಇತ್ತು. ಈ ಚರ್ಚ್ ಮೊದಲಿಂದಲೂ ಕಾಣಿಕೆ ದುಡ್ಡಲ್ಲೇ ಕಟ್ಟಿದ್ದು. ಕೊನೆಕೊನೆಗೆ ಗೌಡಿಯೇ ಮನೆಮನೆಗೆ ಹೋಗಿ ಕೈಚಾಚುತ್ತಿದ್ದರು.

ಈಗ ಆ ಕಷ್ಟ ಇಲ್ಲ. ವರ್ಷಕ್ಕೆ ಹತ್ತಿರಹತ್ತಿರ ಅರ್ಧ ಕೋಟಿ ಜನ ಟಿಕೆಟ್ ತಗೊಂಡು ಬರುತ್ತಾರೆ, ಆ ದುಡ್ಡಲ್ಲೇ ಕೆಲಸ ಓಡುತ್ತಿದೆ. ನನ್ನ ಟಿಕೆಟ್ 26 ಯೂರೋ. ಸ್ವಲ್ಪ ಜಾಸ್ತಿ ಅನ್ನಿಸಿತು, ಸುಳ್ಳು ಹೇಳಲ್ಲ.

ಕೆಳಗೆ ಒಂದು ಮ್ಯೂಸಿಯಂ ಇದೆ. ಇಡೀ ದಿನದಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ಅಲ್ಲೇ. ಛಾವಣಿಯಿಂದ ಜೋತುಬಿದ್ದ ದಾರಗಳು, ದಾರದ ತುಂಬ ಪುಟ್ಟ ಪುಟ್ಟ ಚೀಲಗಳು. ಮೊದಲು ನೋಡಿದರೆ ಏನೂ ಅರ್ಥವಾಗುವುದಿಲ್ಲ. ಗೌಡಿ ಊರ ಹೊರಗಿನ ಇನ್ನೊಂದು ಚರ್ಚಿಗೆ ಈ ಉಪಾಯ ಮಾಡಿದ್ದರು, ಹತ್ತು ವರ್ಷ ಅದರ ಮೇಲೆ ಕೂತಿದ್ದರು. ಅಲ್ಲಿ ಕಲಿತದ್ದನ್ನು ಇಲ್ಲಿ ಬಳಸಿದರು.

ಅಪ್ಪನಿಗೆ ಮತ್ತೆ ಕಾಲ್ ಮಾಡಿ ತೋರಿಸಿದೆ. ವಿವರಿಸಲು ಬಾಯಿ ತೆಗೆಯುವಷ್ಟರಲ್ಲಿ ಅವರೇ, "ತೂಗುಗುಂಡು ಬಿಟ್ಟವ್ರೆ" ಅಂದರು.

ಅಷ್ಟೇ ಅದು! ದಾರದ ಎರಡು ತುದಿ ಕಟ್ಟಿ ಇಳಿಬಿಟ್ಟರೆ ಅದು ತಾನಾಗಿಯೇ ಒಂದು ಬಾಗು ತಗೊಳ್ಳುತ್ತದೆ. ಎಲ್ಲೆಲ್ಲಿ ಛಾವಣಿಯ ಭಾರ ಬೀಳುತ್ತದೋ ಅಲ್ಲಲ್ಲಿ ಸೀಸದ ಗುಂಡು ತುಂಬಿದ ಚೀಲ ಕಟ್ಟಿದರೆ ಬಾಗು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಈಗ ಇದನ್ನು ತಲೆಕೆಳಗು ಮಾಡಿ ನೋಡಿ. ದಾರದಲ್ಲಿ ಎಳೆತ ಇದ್ದ ಕಡೆ ಕಲ್ಲಿನಲ್ಲಿ ಒತ್ತಡ. ಕಲ್ಲು ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಹಾಗಾಗಿ ತಿರುವಿ ಹಾಕಿದ ದಾರ ಯಾವ ಆಕಾರವೋ ಅದೇ ಗಟ್ಟಿ ಕಮಾನು. ಗೌಡಿ ಇದರ ಫೋಟೋ ತೆಗೆಸಿ, ಫೋಟೋ ತಿರುಗಿಸಿ, ಅದರ ಮೇಲೇ ಚರ್ಚಿನ ಚಿತ್ರ ಬರೆಯುತ್ತಿದ್ದರು. ನಾನು ಕೂಡ ಇಲ್ಲಿ ಕ್ಲಿಪ್ಪನ್ನು ತಲೆಕೆಳಗು ಮಾಡಿದ್ದೇನೆ. ನೋಡಿ, ಗೋಪುರಗಳು ಎದ್ದವಲ್ಲಾ?

ಇದರ ಪಕ್ಕದ ಕೋಣೆಯಲ್ಲಿ ಒಡೆದ ಮಾಡೆಲ್‌ಗಳು. 1936ರ ಜುಲೈನಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾದಾಗ ಒಂದು ಗುಂಪು ನುಗ್ಗಿ ನೆಲಮಾಳಿಗೆಗೆ ಬೆಂಕಿ ಹಾಕಿತು. ಗೌಡಿಯ ಕೆಲಸದ ಕೋಣೆ ಸುಟ್ಟುಹೋಯಿತು. ನಕ್ಷೆಗಳು ಬೂದಿ. ಪ್ಲಾಸ್ಟರ್ ಮಾಡೆಲ್‌ಗಳು ಚೂರುಚೂರು. ಕಟ್ಟಿಸುವವನೂ ಇಲ್ಲ, ಪ್ಲಾನೂ ಇಲ್ಲ. ಅಲ್ಲಿಗೇ ನಿಂತಿದ್ದರೂ ಯಾರೂ ಬೈಯುತ್ತಿರಲಿಲ್ಲ.

ಗೌಡಿಯ ಜೊತೆ ಕೆಲಸ ಮಾಡಿದವರು ಆ ಚೂರುಗಳನ್ನು ಆಯ್ದಿಟ್ಟರು. ಆಮೇಲಿನವರು ವರ್ಷಗಟ್ಟಲೆ ಕೂತು ಜೋಡಿಸಿದರು. ಒಂದು ಚೂರಿನಿಂದ ಇಡೀ ಆಕಾರ ಹೇಗೆ ಗೊತ್ತಾಗುತ್ತೆ? ಅಲ್ಲೇ ಇರುವುದು ಗೌಡಿಯ ಜಾಣತನ. ಬೆತ್ತದ ಸ್ಟೂಲ್ ನೋಡಿದ್ದೀರಲ್ಲ, ನಡು ಸಣ್ಣಗಿರುವುದು? ಅದರಲ್ಲಿ ಕಡ್ಡಿಗಳೆಲ್ಲಾ ನೇರ, ಓರೆಯಾಗಿ ನಿಲ್ಲಿಸಿದ್ದಕ್ಕೆ ನಡು ಬಾಗಿದಂತೆ ಕಾಣುತ್ತದೆ. ಇಲ್ಲಿನ ಕಿಟಕಿ, ಛಾವಣಿಯ ಬಾಗುಗಳು ಹೆಚ್ಚಿನವು ಇದೇ ಜಾತಿ. ನೇರ ಗೆರೆಗಳಿಂದ ಹುಟ್ಟಿದ ಬಾಗು. ಹಾಗಾಗಿ ಚೂರು ಸಿಕ್ಕರೆ ಲೆಕ್ಕ ಹಿಡಿದು ಉಳಿದದ್ದನ್ನು ತುಂಬಬಹುದು. ಮೊದಲು ಕೈಲೆಕ್ಕ ಮಾಡಿದರು. ಆಮೇಲೆ ನ್ಯೂಜಿಲೆಂಡಿನಿಂದ ಬಂದ ಮಾರ್ಕ್ ಬರ‍್ರಿ ವಿಮಾನ ವಿನ್ಯಾಸದ ಸಾಫ್ಟ್‌ವೇರ್ ತಂದು ಈ ಲೆಕ್ಕಕ್ಕೆ ಹೂಡಿದರು.

ಸರಿ, ಪಶ್ಚಿಮದ ಮುಖಕ್ಕೆ ಬರೋಣ. ಯೇಸುವಿನ ನೋವು, ಸಾವು. ಶಿಲ್ಪಿ ಸುಬಿರಾಕ್ಸ್ 1987ರಲ್ಲಿ ಶುರು ಮಾಡಿದರು. ಮೂರ್ತಿಗಳೆಲ್ಲಾ ಮೂಳೆ ಮೂಳೆ, ಕೊಡಲಿಯಲ್ಲಿ ಕೆತ್ತಿದ ಹಾಗೆ. ಗೌಡಿಯನ್ನು ನಕಲು ಮಾಡುವುದಿಲ್ಲ ಎಂದು ಅವರು ಹಟ ಹಿಡಿದಿದ್ದರು. ಇದು ಗೌಡಿಗೆ ಅವಮಾನ ಎಂದು ಪ್ರತಿಭಟನೆಯೂ ನಡೆದಿತ್ತು. ನನಗಂತೂ ಇದೇ ಹಿಡಿಸಿತು. ಪೂರ್ವದ ಕಡೆ ನೋಡಲು ಬೇಕಾದಷ್ಟಿದೆ, ಇಲ್ಲಿ ಒಂದು ಮೂರ್ತಿಯ ಮುಂದೆ ಸುಮ್ನೆ ನಿಲ್ಲಬಹುದು. ಇನ್ನು ಪೂರ್ವದ ಕಡೆ ವಾದ್ಯ ನುಡಿಸುವ ದೇವದೂತರನ್ನು ಕೆತ್ತಿದವರು ಜಪಾನಿನ ಎತ್ಸುರೋ ಸೋತೂ. 1978ರಲ್ಲಿ ಇಲ್ಲಿ ಕಲ್ಲು ಒಡೆಯುವ ಕೆಲಸಕ್ಕೆ ಸೇರಿ, ಆಮೇಲೆ ಕ್ಯಾಥೊಲಿಕ್ ಆಗಿ, ಇಲ್ಲೇ ಉಳಿದರು.

ಒಳಗೆ ಹೋದಾಗ ಮೂರೂವರೆ. ಬೇಕಂತಲೇ ಆ ಹೊತ್ತಿಗೆ ಟಿಕೆಟ್ ಮಾಡಿಸಿದ್ದೆ. ಪೂರ್ವದ ಗಾಜು ನೀಲಿ, ಹಸಿರು. ಪಶ್ಚಿಮದ್ದು ಕೆಂಪು, ಕಿತ್ತಳೆ. ಸೂರ್ಯ ಇಳಿಯುತ್ತಾ ಬಂದ ಹಾಗೆ ಕಂಬಗಳಿಗೆ ಬೆಂಕಿ ಹತ್ತಿದಂತಾಯಿತು. ಆ ಕಂಬಗಳು ಮೇಲೆ ಹೋಗಿ ಮರದ ಹಾಗೆ ಕವಲೊಡೆಯುತ್ತವೆ. ಜಾಸ್ತಿ ಭಾರ ಹೊರುವ ನಡುವಿನ ನಾಲ್ಕಕ್ಕೆ ಕೆಂಪು ಪೋರ್ಫಿರಿ ಕಲ್ಲು, ಉಳಿದವಕ್ಕೆ ಕಪ್ಪು ಶಿಲೆ, ಗ್ರಾನೈಟ್, ಮರಳುಗಲ್ಲು. ಇಲ್ಲಿ ನಾನು ಮಾತಾಡಿಲ್ಲ. ನೀವೇ ಒಂದು ನಿಮಿಷ ನೋಡಿ.

ನಡುಗೋಪುರವನ್ನು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿಲ್ಲ. ಊರಿಂದ ದೂರದ ಒಂದು ಜಾಗದಲ್ಲಿ ಕಲ್ಲುಗಳಿಗೆ ತೂತು ಕೊರೆದು, ಒಳಗೆ ಉಕ್ಕಿನ ಕಂಬಿ ತೂರಿಸಿ, ಬಿಗಿಯಾಗಿ ಎಳೆದು ದೊಡ್ಡ ಹಲಗೆ ಮಾಡುತ್ತಾರೆ. ಲಾರಿಯಲ್ಲಿ ತಂದು ಕ್ರೇನಿನಲ್ಲಿ ಏರಿಸುವುದು. "ಕಲ್ಲಿಗೂ ಕಂಬಿನಾ!" ಅಂದರು ಅಪ್ಪ. ಅದು ಮೆಚ್ಚಿಕೆಯೋ ಬೇಜಾರೋ ನನಗೆ ತಿಳಿಯಲಿಲ್ಲ.

2026ಕ್ಕೆ ಗೌಡಿ ತೀರಿ ನೂರು ವರ್ಷ. ಆ ಹೊತ್ತಿಗೆ ಇಡೀ ಚರ್ಚ್ ಮುಗಿಸಬೇಕು ಅಂತಿತ್ತು, ಕೋವಿಡ್ ಬಂದು ಕೆಟ್ಟಿತು. ನಾನು ಹೋದಾಗ, ಆ ಹೊತ್ತಿಗೆ ಮುಗಿಸಲು ಹೊರಟಿದ್ದದ್ದು ಯೇಸುವಿನ ಹೆಸರಿನ ಈ ನಡುಗೋಪುರವನ್ನಷ್ಟೇ. ದಕ್ಷಿಣದ ಮುಖ್ಯ ಬಾಗಿಲಿನ ಮುಖ ಬಾಕಿ. ಅಲ್ಲೊಂದು ತಲೆನೋವಿದೆ. ಆ ಬಾಗಿಲಿಗೆ ಮಯೋರ್ಕಾ ಬೀದಿಯನ್ನು ದಾಟುವ ದೊಡ್ಡ ಮೆಟ್ಟಿಲಸಾಲು ಬೇಕು ಅನ್ನುತ್ತಾರೆ. ಎದುರಿಗೆ ನೂರಾರು ಕುಟುಂಬಗಳ ಮನೆಗಳಿವೆ. ಒಡೆಯಬೇಕೇ ಬೇಡವೇ ಅಂತ ಜಗ್ಗಾಟ. ನಾನು ಆ ಬೀದಿಯಲ್ಲಿ ತಲೆ ಎತ್ತಿ ನೋಡಿದೆ. ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿತ್ತು. ಚರ್ಚ್ ಎಷ್ಟೇ ಚೆನ್ನಾಗಿರಲಿ, ಮೆಟ್ಟಿಲಿಗೋಸ್ಕರ ಜನರ ಮನೆ ಒಡೆಯುವುದು ನನಗೆ ಒಪ್ಪಿಗೆಯಿಲ್ಲ. ನಿಮಗೆ ಬೇರೆ ಅನ್ನಿಸಿದರೆ ಹೇಳಿ, ಜಗಳ ಆಡೋಣ.

ಐದು ಗಂಟೆ. ಕೊಳದ ಹತ್ತಿರ ಬೆಂಚಿನ ಮೇಲೆ ಕೂತು ಅಪ್ಪನಿಗೆ ಕೊನೆಯ ಕಾಲ್. ಊರಲ್ಲಿ ಒಂಬತ್ತೂವರೆ, ಆಕಳಿಕೆ ಶುರುವಾಗಿತ್ತು. ಆದರೂ ಕ್ಯಾಮೆರಾ ಮೇಲೆ ಮಾಡು, ಇನ್ನೂ ಮೇಲೆ, ಎಡಕ್ಕೆ ಅಂತ ಹೇಳಿ ಸಾರವೆಯ ಮೇಲೆ ನಿಲ್ಲಿಸಿದರು. ಜೂಮ್ ಮಾಡಿದೆ. ಅಷ್ಟೆತ್ತರದಲ್ಲಿ ಹಳದಿ ಹೆಲ್ಮೆಟ್ಟಿನ ಒಬ್ಬ. ಏನೋ ಕೈಚೀಲಕ್ಕೆ ಹಾಕಿಕೊಂಡ, ಸೊಂಟದ ಬೆಲ್ಟು ಎರಡು ಸಲ ಎಳೆದು ನೋಡಿದ, ಒಂದೊಂದೇ ಮೆಟ್ಟಿಲು ಇಳಿದು ಕಲ್ಲಿನ ಮರೆಗೆ ಹೋದ.

"ಕೆಲಸ ಬಿಟ್ರು" ಅಂದರು ಅಪ್ಪ. "ನೀನೂ ಏನಾದ್ರೂ ತಿನ್ನು ಪುಟ್ಟಿ, ಬೆಳಗ್ಗೆಯಿಂದ ನಿಂತಿದೀಯ."