ಒಂದೇ ಗೆರೆಗೆ ಎರಡು ಕೆಲಸ: ಧನ ಮತ್ತು ಋಣ ಸಂಖ್ಯೆಗಳನ್ನು ಕೂಡುವುದು, ಕಳೆಯುವುದು

ಶಿಕ್ಷಕ ಮಿತ್ರರೇ,

ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ತಪ್ಪಿನಿಂದಲೇ ಶುರು ಮಾಡೋಣ. −3 − 5 ಎಷ್ಟು ಎಂದರೆ ಮಗು +8 ಎಂದು ಬರೆಯುತ್ತದೆ. ಕೇಳಿದರೆ ಕಾರಣವೂ ಸಿದ್ಧ: ‘ಮೈನಸ್ ಮೈನಸ್ ಪ್ಲಸ್ ಅಲ್ವಾ ಸರ್?’ ಈ ಮಗುವಿಗೆ ಲೆಕ್ಕ ಬರುವುದಿಲ್ಲ ಎಂದಲ್ಲ. ಗುಣಾಕಾರದ ನಿಯಮವನ್ನು ತಂದು ಕೂಡುವ ಜಾಗದಲ್ಲಿ ಹಚ್ಚಿದೆ, ಅಷ್ಟೆ. ಎಲ್ಲಿ ಅನ್ವಯಿಸುತ್ತದೆ ಎಂದು ಹೇಳದೆ ಬಾಯಿಪಾಠ ಮಾಡಿಸಿದ ಸೂತ್ರ ಹೀಗೇ ಕೈಕೊಡುತ್ತದೆ.

ತೊಡಕೆಲ್ಲ ಇರುವುದು ಆ ಪುಟ್ಟ ಗೆರೆಯಲ್ಲಿ. −3 ಎಂದು ಬರೆದಾಗ ಅದು ಸಂಖ್ಯೆಯ ಗುರುತು. ಸಂಖ್ಯಾರೇಖೆಯ ಮೇಲೆ ಸೊನ್ನೆಯ ಎಡಕ್ಕಿರುವ ಮೂರನೇ ಪೂರ್ಣಾಂಕ. 8 − 3 ಎಂದಾಗ ಅದೇ ಗೆರೆ ‘ಕಳೆ’ ಎನ್ನುವ ಆಜ್ಞೆ. ಹೆಚ್ಚಿನ ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಗುಂಡಿಗಳೇ ಇವೆ. ತರಗತಿಯಲ್ಲಿ ಗುಂಡಿ ಇಲ್ಲ, ಬಾಯಿ ಇದೆ. ಆದ್ದರಿಂದ ಗುರುತನ್ನು ‘ಋಣ’ ಎಂದೂ ಕ್ರಿಯೆಯನ್ನು ‘ಕಳೆ’ ಎಂದೂ ಗಟ್ಟಿಯಾಗಿ ಓದಿಸಿ. −3 − (−5) ಎಂದರೆ ‘ಋಣ ಮೂರರಿಂದ ಋಣ ಐದನ್ನು ಕಳೆ’. ಎರಡನ್ನೂ ‘ಮೈನಸ್’ ಎಂದೇ ಓದಿದ ಮಗುವಿಗೆ ಅಲ್ಲಿ ಮೂರು ಮೈನಸ್ ಮಾತ್ರ ಕೇಳಿಸುತ್ತದೆ.

ಕೂಡುವ ನಿಯಮವನ್ನು ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರ ‘ಬ್ರಹ್ಮಸ್ಫುಟಸಿದ್ಧಾಂತ’ದ 18ನೇ ಅಧ್ಯಾಯದಲ್ಲಿ ಹೇಳಿಟ್ಟಿದ್ದಾನೆ: ಧನಕ್ಕೆ ಧನ ಕೂಡಿದರೆ ಧನ, ಋಣಕ್ಕೆ ಋಣ ಕೂಡಿದರೆ ಋಣ, ಧನ ಋಣ ಕೂಡಿದರೆ ಅವುಗಳ ಅಂತರ, ಎರಡೂ ಸಮವಾಗಿದ್ದರೆ ಸೊನ್ನೆ. ಮಕ್ಕಳು ಎಡವುವುದು ಮೂರನೆಯದರಲ್ಲಿ. ಅಂತರವನ್ನೇನೋ ಸರಿಯಾಗಿ ತೆಗೆಯುತ್ತಾರೆ, ಚಿಹ್ನೆ ತಪ್ಪುತ್ತಾರೆ. ಚಿಹ್ನೆ ಬಿಟ್ಟು ನೋಡಿದಾಗ ಯಾವುದು ದೊಡ್ಡದೋ ಅದರ ಚಿಹ್ನೆಯೇ ಉತ್ತರಕ್ಕೆ. −7 + 2 ರಲ್ಲಿ ಅಂತರ 5, ದೊಡ್ಡದು 7, ಅದು ಋಣ, ಉತ್ತರ −5. ಯಾರಾದರೂ −9 ಎಂದು ಬರೆದರೆ, ಸಂಖ್ಯಾರೇಖೆಯಲ್ಲಿ −7 ರಿಂದ ಬಲಕ್ಕೆ ಹೋಗುವ ಬದಲು ಎಡಕ್ಕೆ ಹೋಗಿದ್ದಾರೆ ಎಂದೇ ಅರ್ಥ. ಬೆರಳಿಟ್ಟು ನಡೆಸಿದರೆ ಸಾಕು, ತಾವೇ ತಿದ್ದಿಕೊಳ್ಳುತ್ತಾರೆ.

ಕಳೆಯುವುದು ಇಷ್ಟು ಸಲೀಸಲ್ಲ. ಧನವೆಂದರೆ ಕೈಲಿರುವ ಹಣ, ಋಣವೆಂದರೆ ಸಾಲ ಎನ್ನುವ ಉದಾಹರಣೆ ಕೂಡುವವರೆಗೆ ಚೆನ್ನಾಗಿಯೇ ನಡೆಯುತ್ತದೆ. 2 − (−3) ಬಂದ ಕೂಡಲೇ ‘ಇಲ್ಲದ ಸಾಲವನ್ನು ಹೇಗೆ ತೆಗೆಯುವುದು?’ ಎಂದು ಮಗು ಕೇಳುತ್ತದೆ. ಅದು ನ್ಯಾಯವಾದ ಪ್ರಶ್ನೆ. ಇಲ್ಲಿ ಹುಣಸೆಬೀಜ ಮತ್ತು ಬಿಳಿ ಕಲ್ಲು ಕೈಗೆ ಕೊಡಿ. ಒಂದು ಬೀಜ +1, ಒಂದು ಕಲ್ಲು −1. ಒಂದು ಬೀಜ, ಒಂದು ಕಲ್ಲು ಸೇರಿದ ಜೋಡಿಯ ಬೆಲೆ ಸೊನ್ನೆ. ಎಷ್ಟು ಜೋಡಿ ಇಟ್ಟರೂ ಮೊತ್ತ ಬದಲಾಗದು. ಈಗ ಮೇಜಿನ ಮೇಲೆ ಎರಡು ಬೀಜ ಇಡಿ. ತೆಗೆಯಬೇಕಾದದ್ದು ಮೂರು ಕಲ್ಲು, ಅಲ್ಲಿ ಒಂದೂ ಇಲ್ಲ. ಮೂರು ಜೋಡಿ ಸೇರಿಸಿ: ಐದು ಬೀಜ, ಮೂರು ಕಲ್ಲು ಆದವು, ಬೆಲೆ ಈಗಲೂ 2. ಮೂರೂ ಕಲ್ಲು ತೆಗೆಯಿರಿ. ಉಳಿದದ್ದು ಐದು ಬೀಜ. ಋಣ ಮೂರನ್ನು ಕಳೆದರೆ ಮೂರು ಕೂಡಿದಂತೆ ಏಕಾಗುತ್ತದೆ ಎಂಬುದು ಕಣ್ಣೆದುರಿಗೇ ಇದೆ: ಕಲ್ಲುಗಳ ಜೊತೆಗೆ ಬಂದ ಮೂರು ಬೀಜ ಅಲ್ಲೇ ಉಳಿದಿವೆ.

ಇಷ್ಟಾದ ಮೇಲೆಯೇ ನಿಯಮ ಬರೆಸಿ: ಕಳೆಯಬೇಕಾದ ಸಂಖ್ಯೆಯ ಸಂಕಲನ ವಿಲೋಮವನ್ನು, ಅಂದರೆ ಅದೇ ಸಂಖ್ಯೆಯನ್ನು ಚಿಹ್ನೆ ತಿರುಗಿಸಿ, ಕೂಡು. ಬದಲಾಗುವುದು ಎರಡು, ಕ್ರಿಯೆ ಮತ್ತು ಅದರ ನಂತರದ ಸಂಖ್ಯೆಯ ಚಿಹ್ನೆ; ಎರಡೂ ಒಟ್ಟಿಗೇ ಬದಲಾಗಬೇಕು. ಮೊದಲ ಸಂಖ್ಯೆಯನ್ನು ಮುಟ್ಟಬಾರದು. −7 − (−2) ಎಂಬುದು −7 + 2 ಆಗುತ್ತದೆ, ಉತ್ತರ −5. ಮೊದಲ ಸಂಖ್ಯೆಯನ್ನೂ ತಿರುಗಿಸಿದವರಿಗೆ 9 ಬರುತ್ತದೆ, ಕ್ರಿಯೆಯನ್ನು ಮಾತ್ರ ಬದಲಿಸಿದವರಿಗೆ −9. ಉತ್ತರ ನೋಡಿಯೇ ತಪ್ಪು ಎಲ್ಲಾಯಿತೆಂದು ಹೇಳಬಹುದು. ಶುರುವಿನಲ್ಲಿ ಕಂಡ ಆ −3 − 5 ಕೂಡ −3 + (−5) ಆಯಿತು, ಅಂದರೆ −8.

ಉದ್ದದ ಲೆಕ್ಕಕ್ಕೂ ಇದೇ ದಾರಿ. 8 − 13 + 5 − (−4) − 6 ಇದ್ದರೆ ಮೊದಲು ಎಲ್ಲವನ್ನೂ ಕೂಡುವುದಕ್ಕೆ ತಿರುಗಿಸಿ: 8 + (−13) + 5 + 4 + (−6). ಧನಗಳು 17, ಋಣಗಳು −19, ಉತ್ತರ −2. ತಿರುಗಿಸದೆ ಸಂಖ್ಯೆಗಳನ್ನು ಹಿಂದೆ ಮುಂದೆ ಮಾಡುವಂತಿಲ್ಲ, ಏಕೆಂದರೆ ಕಳೆಯುವುದಕ್ಕೆ ಪರಿವರ್ತನೀಯ ಗುಣವಿಲ್ಲ, ಅಂದರೆ ಕ್ರಮ ಬದಲಿಸಿದರೆ ಉತ್ತರವೂ ಬದಲಾಗುತ್ತದೆ. 4 − 9 ಕ್ಕೆ 5 ಎಂದು ಬರೆಯುವವರು ಮಾಡಿರುವುದೂ ಅದನ್ನೇ.

ಋಣವನ್ನು ಕಳೆಯುವ ಲೆಕ್ಕ ಪುಸ್ತಕದ ಹೊರಗೂ ಬರುತ್ತದೆ. ಪಾದರಸ ಸುಮಾರು −39 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುತ್ತದೆ, ಎಥೆನಾಲ್ ಎಂಬ ಆಲ್ಕೋಹಾಲ್ ಸುಮಾರು −114 ರಲ್ಲಿ. ಅಂತರ −39 − (−114) = 75 ಡಿಗ್ರಿ. ಕೊರೆಯುವ ಚಳಿಯ ಜಾಗಗಳಲ್ಲಿ ಆಲ್ಕೋಹಾಲ್ ಉಷ್ಣತಾಮಾಪಕ ಬೇಕಾಗುವುದು ಇದಕ್ಕೇ.

ಇಸವಿಗಳ ವಿಷಯದಲ್ಲಿ ಮಾತ್ರ ಎಚ್ಚರ. ರೋಮಿನ ಅಗಸ್ಟಸ್ ಕ್ರಿ.ಪೂ. 27ರಿಂದ ಕ್ರಿ.ಶ. 14ರವರೆಗೆ ಆಳಿದ. 14 − (−27) ಎಂದರೆ 41 ಬರುತ್ತದೆ, ಆದರೆ ಆಳಿದ್ದು 40 ವರ್ಷ. ಕಳೆದದ್ದರಲ್ಲಿ ತಪ್ಪಿಲ್ಲ, ಕ್ರಿ.ಪೂ. 1ರ ಮರುವರ್ಷವೇ ಕ್ರಿ.ಶ. 1, ನಡುವೆ ಸೊನ್ನೆ ಇಲ್ಲ. ಖಗೋಳಶಾಸ್ತ್ರಜ್ಞರು ಕ್ರಿ.ಪೂ. 1ನ್ನು 0 ಎಂದೂ ಕ್ರಿ.ಪೂ. 27ನ್ನು −26 ಎಂದೂ ಬರೆಯುತ್ತಾರೆ. ಆಗ 14 − (−26) = 40.